ನೀರು ಸಾಕು ಎಂದ ಚಿತ್ರಗಾರ

ಸೋನೆಗಿರಿ ಅಂತ ಒಂದು ರಾಜ್ಯ. ಕೇಳ್ತಾ ಇದ್ದೀರಾ, ಮಕ್ಕಳೇ? ಅಲ್ಲಿಯ ಅರಮನೆಯಲ್ಲಿ ತಿಪ್ಪರಸ ಅಂತ ಒಬ್ಬ ಚಿತ್ರಗಾರ ಇದ್ದ. ಅವನು ಗಿಳಿ ಬರೆದರೆ ಬೆಕ್ಕು ಹೊಂಚು ಹಾಕುತ್ತಿತ್ತು. ಕೈ ಅಷ್ಟು ಚೆನ್ನ, ಹೊಟ್ಟೆ ತುಂಬ ಮಾತ್ರ ಕಿಚ್ಚು.

ಒಂದು ದಿನ ರಾಜ ಅಂದ: "ತಿಪ್ಪರಸ, ಕೇರಿಯ ಬಡಮಕ್ಕಳು ಇದ್ದಿಲು ಹಿಡಿದು ಗೋಡೆ ತುಂಬ ಬರೀತಾವೆ. ಅವಕ್ಕೂ ಬಣ್ಣ ಕೊಡು, ವಿದ್ಯೆ ಕಲಿಸು. ಮೂರು ತಿಂಗಳು, ಮೂರು ಚಿತ್ರ ನೋಡ್ತೀನಿ. ಒಂದಾದರೂ ನಿಂತರೆ ಅರಮನೆಯ ಚಿತ್ರಶಾಲೆ ಅವರದು. ಇಲ್ಲದಿದ್ದರೆ ಅವರಿಗೆ ಅದರ ಬಾಗಿಲು ಹಾಕಿಸ್ತೀನಿ."

ಅಲ್ಲಿ ಒಂದು ಪದ್ಧತಿ. ಗೋಡೆಯ ಚಿತ್ರ ಒಣಗಿದ ಮೇಲೆ ರಾಜ ಶಲ್ಯದ ತುದಿಯಿಂದ ಒರೆಸಿ ನೋಡಬೇಕು. ಬಣ್ಣ ನಿಂತರೆ ಚಿತ್ರ, ಹೋದರೆ ಬರೀ ಧೂಳು.

ತಿಪ್ಪರಸನಿಗೆ ಹೊಟ್ಟೆ ಉರಿಯಿತು. ನಾನು ಇಪ್ಪತ್ತು ವರ್ಷ ಗುರುಗಳ ಕಾಲೊತ್ತಿ ಕಲಿತದ್ದು ಈ ಚಿಳ್ಳೆಪಿಳ್ಳೆಗಳಿಗೆ ಪುಕ್ಕಟೆಯಾ? ಬಣ್ಣ ಗೋಡೆಗೆ ಹಿಡಿಯಬೇಕಾದರೆ ಬೇವಿನ ಅಂಟು ಬೆರೆಸಬೇಕು ಅನ್ನುವುದನ್ನೇ ಮುಚ್ಚಿಟ್ಟ. "ನೀರು ಸಾಕು" ಅಂದ.

ಮೊದಲ ತಿಂಗಳು ಕಮ್ಮಾರರ ಹುಡುಗ ಎತ್ತು ಬರೆದ. ರಾಜ ಒರೆಸಿದ. ಎತ್ತು ಹೋಯಿತು. ಎರಡನೇ ತಿಂಗಳು ಬುಟ್ಟಿ ಹೆಣೆಯುವವರ ಹುಡುಗಿ ನವಿಲು ಬರೆದಳು. ರಾಜ ಒರೆಸಿದ. ನವಿಲೂ ಹೋಯಿತು. "ಬಡವರ ಕೈಗೆ ಬಣ್ಣ ಒಲಿಯೋದಿಲ್ಲ, ಮಹಾಸ್ವಾಮಿ" ಅಂದು ತಿಪ್ಪರಸ ಒಳಗೊಳಗೇ ನಕ್ಕ.

ಮೂರನೆಯವಳು ನೇಕಾರರ ಈರವ್ವ. "ಬಣ್ಣಕ್ಕೆ ಇನ್ನೇನಾದ್ರೂ ಹಾಕಬೇಕಾ, ಗುರುಗಳೇ?" ಅಂತ ಮೂರು ಸಲ ಕೇಳಿದಳು. ಮೂರು ಸಲವೂ "ನೀರು ಸಾಕು ಕಣೇ." ಮನೆಗೆ ಬಂದರೆ ಅವ್ವ ನೂಲಿಗೆ ಗಂಜಿ ಹಚ್ಚುತ್ತಿದ್ದಳು. ಗಂಜಿ ಕುಡಿದ ನೂಲು ಎಳೆ ಬಿಡುವುದಿಲ್ಲ. ಬಣ್ಣವೂ ಹೀಗೇ ಹಿಡಿದೀತು ಅಂದುಕೊಂಡು ಈರವ್ವ ಒಂದು ಕುಡಿಕೆ ಗಂಜಿ ಒಯ್ದು ಬಣ್ಣಕ್ಕೆ ಬೆರೆಸಿದಳು, ಮಗ್ಗದ ಮುಂದೆ ಕೂತ ಅವ್ವನನ್ನೇ ಬರೆದಳು.

ತಿಪ್ಪರಸ ನೋಡಿದ. ಅಂಥ ಗೆರೆ ತನ್ನ ಕೈಗೂ ಬಂದಿರಲಿಲ್ಲ. ಅಳಿಸಿಹೋಗಲಿ, ಅಳಿಸಿಹೋಗಲಿ ಅಂದುಕೊಂಡ.

ರಾಜ ಒರೆಸಿದ. ಹೋಗಲಿಲ್ಲ. ತಿಪ್ಪರಸ ನುಗ್ಗಿ ಬಂದು ತಾನೇ ಉಜ್ಜಿದ. ಹೋಗಲಿಲ್ಲ.

"ಏನೇ ಹಾಕಿದೆ ಇದಕ್ಕೆ?"

"ನೀರು ಸಾಕು ಅಂತ ನೀವೇ ಹೇಳಿದ್ರಲ್ಲಾ, ಗುರುಗಳೇ" ಅಂದಳು ಈರವ್ವ.

"ಸುಳ್ಳು! ಅಂಟಿಲ್ಲದೆ ಬಣ್ಣ ಎಲ್ಲಾದರೂ ನಿಲ್ಲುತ್ತಾ?"

ರಾಜ ಮೆಲ್ಲಗೆ ಕೇಳಿದ: "ಹಾಗಾದರೆ ಆ ಎತ್ತಿಗೆ, ಆ ನವಿಲಿಗೆ ಅಂಟು ಯಾಕೆ ಕೊಡಲಿಲ್ಲ?"

ಚಿತ್ರಶಾಲೆ ಮಕ್ಕಳದಾಯಿತು. ಅಂದಿನಿಂದ ಅವರಿಗೆಲ್ಲ ಬಣ್ಣ ಅರೆದು, ಅಂಟು ಕಲಸಿ ಕೊಡುವ ಕೆಲಸ ತಿಪ್ಪರಸನದು. ಕಲಿಯುವ ಮಕ್ಕಳಿಂದ ವಿದ್ಯೆ ಬಚ್ಚಿಡೋದೂ ಕಳ್ಳತನವೇ. ತಿಳೀತಾ?