ಗೋಡೆಗೆ ನಿಲ್ಲಿಸಿದ ಬಾಗಿಲು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನೆರೆಮನೆಯವನನ್ನು ನಾಲ್ಕು ಜನರೆದುರು ಹೀನಾಯವಾಗಿ ಬೈದೆ. ಅಂದಿನಿಂದ ದಿನವೂ ದೇವರ ಮುಂದೆ ತಪ್ಪಾಯಿತೆಂದು ಅಡ್ಡಬೀಳುತ್ತೇನೆ. ಆದರೂ ಮನಸ್ಸು ಹಗುರಾಗುವುದಿಲ್ಲ. ಏಕೆ?"

ಗುರು ಒಂದು ಕತೆ ಹೇಳತೊಡಗಿದರು.

ಹೊಳೆದಂಡೆಯ ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಅಣ್ಣ ಆಚೆ ದಡದಲ್ಲಿ ಬೇಸಾಯ ಮಾಡಿಕೊಂಡಿದ್ದ. ಪಾಲಾದಾಗ ಅಪ್ಪನ ಮನೆಯ ಕೆತ್ತನೆಯ ಬಾಗಿಲು ತನಗೆ ಬೇಕೆಂದು ಇಬ್ಬರೂ ಹಟ ಹಿಡಿದರು. ಅಣ್ಣನಿಗೆ ಸಿಗಬಾರದೆಂದು ತಮ್ಮ ಅದನ್ನು ಹೊಸ್ತಿಲ ಸಮೇತ ಕೀಳಿಸಿ ಊರಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟ. ಅಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತಿತು.

ವ್ಯಾಪಾರಿಯ ಮಗಳ ಮದುವೆ ಗೊತ್ತಾಯಿತು. ದೊಡ್ಡಪ್ಪ ಅಕ್ಷತೆ ಹಾಕದಿದ್ದರೆ ಹಸೆಗೆ ಕೂರುವುದಿಲ್ಲವೆಂದಳು ಅವಳು. ಮೊದಲ ಲಗ್ನಪತ್ರಿಕೆಯನ್ನು ಹಿರಿಮನೆಯ ಹೊಸ್ತಿಲ ಮೇಲಿಡುವುದು ಅವರ ಕುಲದ ಕ್ರಮ. ಮನೆಯವರು ಬಂದು ಅದನ್ನು ಎತ್ತಿಕೊಂಡ ಮೇಲೆಯೇ ಉಳಿದವು ಹೊರಡಬೇಕು. ವ್ಯಾಪಾರಿ ಯೋಚಿಸಿದ. ಅಣ್ಣನ ಮನೆ ನಿನ್ನೆ ಮೊನ್ನೆ ಕಟ್ಟಿದ್ದು. ಹಿರಿಮನೆಯ ಹೊಸ್ತಿಲು ಇರುವುದು ವಸ್ತುಸಂಗ್ರಹಾಲಯದಲ್ಲಿ. ಅಲ್ಲಿಟ್ಟರೆ ಕ್ರಮವೂ ನಡೆಯಿತು, ಹೊಳೆ ದಾಟುವುದೂ ತಪ್ಪಿತು.

ಅರಿಸಿನ ಹಚ್ಚಿದ ಪತ್ರಿಕೆ ಹಿಡಿದು ಹೋದ. ಕತ್ತಿ, ನಾಣ್ಯ, ವೀರಗಲ್ಲುಗಳನ್ನು ದಾಟಿದ. ಚಿತ್ರಶಾಲೆಯಲ್ಲಿ ಹೊಳೆಯ ಚಿತ್ರಗಳೇ ಸಾಲಾಗಿದ್ದವು, ತಲೆ ಎತ್ತಲಿಲ್ಲ. ಕೊನೆಯ ಕೋಣೆಯಲ್ಲಿ ಬಾಗಿಲು ನಿಂತಿತ್ತು. ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಪತ್ರಿಕೆ ಇಟ್ಟ.  ಮನೆಯವರು ಎತ್ತಿಕೊಳ್ಳುವವರೆಗೆ ನಿಲ್ಲುವುದು ರೂಢಿ, ನಿಂತೇ ಇದ್ದ.

ಕಾವಲಿನವನು ಬಹಳ ಹೊತ್ತು ನೋಡಿ ಹತ್ತಿರ ಬಂದ. ಯಾರಿಗೆ ಕಾಯುತ್ತಿದ್ದೀರೆಂದು ಕೇಳಿದ. ವ್ಯಾಪಾರಿ ಕುಲದ ಕ್ರಮ ತಿಳಿಸಿದ.

"ಯಜಮಾನ್ರೇ, ಈ ಬಾಗಿಲ ಹಿಂದೆ ಬರೀ ಗೋಡೆ," ಎಂದ ಕಾವಲಿನವನು. "ಒಳಗಿಂದ ಯಾರು ಬರ್ತಾರೆ? ಸಂಜೆ ಗುಡಿಸೋಳು ಬಂದು ಎತ್ಕೊಂಡಾಳು. ಅವಳೇ ಮದುವೆಗೆ ಬಂದರೂ ಬಂದಾಳು."

ವ್ಯಾಪಾರಿಗೆ ನಗು ಬರಲಿಲ್ಲ. ಬಾಗಿಲನ್ನು ಮೆಲ್ಲಗೆ ತಳ್ಳಿ ನೋಡಿದ. ಅದು ಅಲುಗಲಿಲ್ಲ. ಪತ್ರಿಕೆಯನ್ನು ತಾನೇ ಎತ್ತಿಕೊಂಡು ಹೊಳೆಯ ಮೆಟ್ಟಿಲಿಳಿದ. ಆಚೆ ದಡಕ್ಕೋ ಎಂದು ಅಂಬಿಗ ಕೇಳಿದ. ವ್ಯಾಪಾರಿ ದೋಣಿ ಹತ್ತಿದ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಅಣ್ಣ ಪತ್ರಿಕೆ ಎತ್ತಿಕೊಂಡನೇ, ಗುರುಗಳೇ?"

ಗುರು ಹೇಳಿದರು: "ಅದಿರಲಿ, ನಿನ್ನ ನೆರೆಮನೆಗೆ ಹೋಗಲು ಹೊಳೆ ಅಡ್ಡವಿದೆಯೇ?"