ಚೆನ್ನೀರ ಧಣಿಯ ವಿತ್ ನಿಂತದ್ದು

ನಿನ್ನೆಯ ಸಾಂಬಾರನ್ನು ಇವತ್ತು ಬಡಿಸಕೂಡದು. ಸ್ಟೇಷನ್ ಪಕ್ಕದ ಹೋಟೆಲಿನ ಅಡುಗೆಮನೆ ಗೋಡೆಗೆ ಧಣಿ ನರಸಿಂಗರಾಯರೇ ಬರೆಸಿದ್ದ ಕಟ್ಟಳೆ. ಧಣಿಯೇ ಮುರಿದರು, ಅಡುಗೆಭಟ್ಟ ಮುರಿದ, ರುಬ್ಬುವ ಸಾಕಮ್ಮ ಕಂಡೂ ಕಾಣದ ಹಾಗಿದ್ದಳು.

ಸಾಕಮ್ಮನ ಚಿಂತೆಯೇ ಬೇರೆ. ಮಗ ಚೆನ್ನೀರನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಗಿರಣಿಯವರು ಬಿಡಿಸಿದ್ದರು, ಬಟ್ಟೆ ಅಂಗಡಿಯವರು ಬಿಡಿಸಿದ್ದರು. ಈ ಸಪ್ಲೈಯರ್ ಕೆಲಸವೂ ಹೋದರೆ ಮುಂದೆ ಗತಿಯಿಲ್ಲ.

"ಒಂದು ವಿತೌಟ್ ತಾರಯ್ಯ, ರೈಲು ಬಂತು!" ಅಂದ ಗಿರಾಕಿ.

"ವಿತೌಟ್ ಅಂದ್ರೇನವ್ವಾ?"

"ಇಲ್ಲದ್ದು ಅಂತ ಕಣೋ, ಓಡು!"

ಓಡಿದ. ಖಾಲಿ ಲೋಟ ತಂದಿಟ್ಟ.

"ಅಯ್ಯೋ ಮಂಕೇ! ಕಾಫಿ ಇರಬೇಕು, ಸಕ್ಕರೆ ಇರಬಾರದು. ವಿತೌಟ್ ಅಂದ್ರೆ ಸಕ್ಕರೆ ಇಲ್ಲದ್ದು!"

"ಆಗಲವ್ವಾ."

ಮಾರನೆಯ ದಿನ ಪ್ಲಾಟ್‌ಫಾರಮ್ಮಿನಲ್ಲಿ ಟಿ.ಸಿ. ಯಾರೋ ಪ್ರಯಾಣಿಕನ ಕೊರಳಪಟ್ಟಿ ಹಿಡಿದು, "ಇವನು ವಿತೌಟ್!" ಅಂತ ಕೂಗುತ್ತಿದ್ದ. ಚೆನ್ನೀರನಿಗೆ ಮರುಕ ಬಂತು. ಓಡಿದ. ಆ ಮನುಷ್ಯನ ಬಾಯಿಗೆ ಒಂದು ಹಿಡಿ ಸಕ್ಕರೆ ತುರುಕಿದ.

"ಅವನ ಹತ್ರ ಟಿಕೆಟ್ ಇರಲಿಲ್ಲ ಕಣೋ!" ಸಾಕಮ್ಮ ತಲೆ ಚಚ್ಚಿಕೊಂಡಳು. "ಔಟಿನ ಸಹವಾಸವೇ ಬೇಡ. ವಿತ್ ಅಂದ್ರೆ ಜೊತೆ. ಅಷ್ಟು ತಿಳ್ಕೋ!"

"ಆಗಲವ್ವಾ."

"ಎರಡು ಇಡ್ಲಿ ಪಾರ್ಸೆಲ್, ವಿತ್ ಸಾಂಬಾರ್," ಅಂದರು ರಿಟೈರಾದ ಇಂಗ್ಲಿಷ್ ಮೇಷ್ಟ್ರು ಅನಂತಯ್ಯ. ಚೆನ್ನೀರ ಸಾಂಬಾರಿನ ಬಕೆಟ್ಟನ್ನೇ ಎತ್ತಿಕೊಂಡು ಅವರ ಮನೆ ತನಕ ನಡೆದ.

"ಇದೇನೋ?"

"ವಿತ್ ಸಾಂಬಾರ್, ಸಾರ್. ಜೊತೆ."

"ಜೊತೆ ಅನ್ನೋದು ಆಮೇಲೆ ಬಂದ ಅರ್ಥ ಕಣೋ ಪೆದ್ದೇ! ಹಳೇ ಇಂಗ್ಲಿಷಿನಲ್ಲಿ ವಿತ್ ಅಂದ್ರೆ ಎದುರು. ಈಗಲೂ ಫೈಟ್ ವಿತ್ ಅನ್ನೋದಿಲ್ವೆ? ಎದುರು ನಿಂತು ತಾನೆ ಬಡಿದಾಡೋದು? ಮೂಲ ಹಿಡಿ, ಮೂಲ!"

"ಹಿಡಿದೆ ಸಾರ್."

ಇತ್ತ ಸಾಂಬಾರಿಲ್ಲದೆ ಗಿರಾಕಿಗಳೆಲ್ಲ ಎದ್ದು ಹೋಗಿದ್ದರು. "ತೊಲಗು!" ಅಂದರು ರಾಯರು. ಸಾಕಮ್ಮ ಕಾಲಿಗೆ ಬಿದ್ದಳು.

"ಇದೇ ಕೊನೆ. ನಾಳೆ ಹೋಟೆಲು ತಪಾಸಣೆಗೆ ಇನ್ಸ್‌ಪೆಕ್ಟರ್ ಬರ್ತಾರೆ. ಎಲ್ಲರೂ ನನ್ನ ವಿತ್ ನಿಲ್ಲಬೇಕು, ತಿಳೀತೇನೋ?"

"ತಿಳೀತು ಧಣಿ."

"ಧಣಿ ಹೇಳಿದ ಹಾಗೇ ಮಾಡೋ, ನಿನ್ನ ದಮ್ಮಯ್ಯ," ಅಂದಳು ಸಾಕಮ್ಮ.

ಇನ್ಸ್‌ಪೆಕ್ಟರ್ ಬಂದರು. ಬಕೆಟ್ಟಿನಲ್ಲಿ ಸೌಟು ಆಡಿಸಿದರು, ಮೂಗು ಮುರಿದರು. "ಯಾವತ್ತಿಂದು?"

"ಇವತ್ತಿಂದು ಸ್ವಾಮಿ," ಅಂದರು ರಾಯರು.

"ಇವತ್ತಿಂದು," ಅಂದ ಭಟ್ಟ.

"ಇವತ್ತಿಂದೇ," ಅಂದಳು ಸಾಕಮ್ಮ, ತಲೆ ತಗ್ಗಿಸಿ.

ಚೆನ್ನೀರ ಸರಸರನೆ ಬಂದು ರಾಯರ ಎದುರಿಗೆ ಎದೆಯೊಡ್ಡಿ ನಿಂತ. "ನಾನು ಧಣಿಗಳ ವಿತ್ ಸ್ವಾಮಿ! ಅದು ನಿನ್ನೇದು!" ಅಂದ. ಅಂದವನು, ಹೇಳಿದ ಹಾಗೇ ಮಾಡಿದೆನಲ್ಲ ಅಂತ, ಅವ್ವನ ಕಡೆ ತಿರುಗಿ ಹಲ್ಲು ಬಿಟ್ಟ.