ಒಳಪದರದ ಹೊಲಿಗೆ

"ಗುರುಗಳೇ, ಪುಕ್ಕಟೆ ಕೊಟ್ಟರೆ ಸೇವೆ, ಮಾರಿದರೆ ವ್ಯಾಪಾರ. ಈಗ ಅಂಗಡಿ ತೆರೆದು ಬಡವರಿಗಾಗಿ ದುಡಿಯುತ್ತೇವೆ ಎನ್ನುವವರು ಊರೂರಲ್ಲಿ ಹುಟ್ಟಿಕೊಂಡಿದ್ದಾರೆ. ಅಂಗಡಿಯಲ್ಲಿ ಕೂತು ಮಾಡುವುದು ಸೇವೆ ಹೇಗಾದೀತು?"

ದಾಸೋಹದಲ್ಲಿ ಅನ್ನ ಬಡಿಸಿ ಬಂದ ಶಿಷ್ಯ ಹೀಗೆ ಕೇಳಿದ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು.

ಒಂದು ಊರಿನಲ್ಲಿ ಸರ್ಕಾರದ ನೂಲಿನ ಗಿರಣಿ ಇತ್ತು. ಊರಿನ ಅರ್ಧ ಒಲೆಗಳು ಅದರ ಸೈರನ್ ಕೇಳಿಯೇ ಹೊತ್ತುತ್ತಿದ್ದವು. ಕಾಲ ಬದಲಾಯಿತು. ವ್ಯಾಪಾರ ಮಾಡುವುದು ಸರ್ಕಾರದ ಕೆಲಸವಲ್ಲ ಎಂಬ ಮಾತು ರಾಜಧಾನಿಯಿಂದ ಬಂತು. ಗಿರಣಿಗೆ ಬೀಗ ಬಿತ್ತು. ಗಂಡಸರು ಕೆಲಸ ಹುಡುಕಿಕೊಂಡು ಬೇರೆ ಊರುಗಳಿಗೆ ಹೋದರು. ಹೆಂಗಸರು ಉಳಿದರು.

ಅವರಲ್ಲಿ ತುಳಸವ್ವ ಎಂಬವಳು ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದಳು. ಕೆಲಸ ಕಳೆದುಕೊಂಡವರನ್ನೆಲ್ಲ ತನ್ನ ಪಡಸಾಲೆಯಲ್ಲಿ ಕೂಡಿಸಿದಳು. "ನಮಗೆ ಬರುವುದು ನೂಲಿನ ಕೆಲಸ. ಕೌದಿ ಹೊಲಿದು ಮಾರೋಣ. ಬಂದದ್ದನ್ನು ಸಮನಾಗಿ ಹಂಚಿಕೊಳ್ಳೋಣ" ಎಂದಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಆ ಹೊದಿಕೆಗಳು ಸಂತೆಯಲ್ಲಿ ಮಾರಾಟವಾಗತೊಡಗಿದವು.

ಗುಂಪಿನಲ್ಲಿ ಹುಸೇನಬಿ ಎಂಬ ಮುದುಕಿ ಇದ್ದಳು. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಕೈ ನಡುಗುತ್ತಿತ್ತು. ಹೊಲಿಗೆ ಸೊಟ್ಟಗೆ ಹೋಗುತ್ತಿತ್ತು.

ಒಮ್ಮೆ ಪಟ್ಟಣದ ವ್ಯಾಪಾರಿಯೊಬ್ಬ ಬಂದು ಕೌದಿಗಳನ್ನು ತಿರುವಿ ನೋಡಿದ. "ವರ್ಷವಿಡೀ ಕೊಳ್ಳುತ್ತೇನೆ. ಆದರೆ ಸೊಟ್ಟ ಹೊಲಿಗೆಯದು ಒಂದು ಬಂದರೂ ಎಲ್ಲವನ್ನೂ ಹಿಂದಕ್ಕೆ ಕಳಿಸುತ್ತೇನೆ" ಎಂದು ಹೇಳಿ ಹೋದ.

ಸಾವಂತ್ರವ್ವ ಎಂಬ ಹೆಂಗಸು ಮೊದಲು ಬಾಯಿ ಬಿಟ್ಟಳು. "ಅಜ್ಜಿಯನ್ನು ಕೆಲಸದಿಂದ ಬಿಡಿಸೋಣ. ಹಾಗಂತ ಉಪವಾಸ ಕೆಡವುವುದು ಬೇಡ. ದಿನಾ ಎಲ್ಲರೂ ಒಂದೊಂದು ಹಿಡಿ ಹಿಟ್ಟು ಕೊಡೋಣ." ಅವಳದು ಕೆಟ್ಟ ಮನಸ್ಸಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರು. ತುಳಸವ್ವನಿಗೂ ಬೇರೆ ದಾರಿ ಕಾಣಲಿಲ್ಲ.

ಹಿಟ್ಟು ಅಜ್ಜಿಯ ಮನೆಗೆ ಹೋಯಿತು. ಹುಸೇನಬಿ ಸೆರಗೊಡ್ಡಿ ತೆಗೆದುಕೊಂಡಳು. ಬೆಳಗಾದಾಗ ಯಾರೂ ಕರೆಯದಿದ್ದರೂ ಬಂದು ತುಳಸವ್ವನ ಅಂಗಳ ಗುಡಿಸಿದಳು. "ಇದೆಲ್ಲ ನಿನಗೇಕೆ ಅಜ್ಜಿ, ಮನೆಯಲ್ಲಿ ಆರಾಮವಾಗಿರು" ಎಂದು ಕಸಬರಿಗೆ ಕಿತ್ತುಕೊಂಡರು. ಪ್ರೀತಿಯಿಂದಲೇ ಕಿತ್ತುಕೊಂಡರು. ಆಮೇಲೆ ಅವಳು ಆ ಕಡೆ ಬರಲಿಲ್ಲ.

ಕೆಲವು ದಿನ ಬಿಟ್ಟು ತುಳಸವ್ವ ಅವಳನ್ನು ನೋಡಲು ಹೋದಳು. ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆ ಬತ್ತಿತ್ತು. ಒಲೆ ತಣ್ಣಗಿತ್ತು. ಕೊಟ್ಟ ಹಿಟ್ಟೆಲ್ಲ ಗಡಿಗೆಯಲ್ಲಿ ಹಾಗೆಯೇ ಇತ್ತು.

"ಏಕೆ ಉಣ್ಣಲಿಲ್ಲ ಅಜ್ಜಿ? ನಮ್ಮ ಮೇಲೆ ಸಿಟ್ಟೇ?"

"ಸಿಟ್ಟೇಕೆ ಮಗಳೇ? ನಿಮ್ಮ ಮಕ್ಕಳ ತುತ್ತಿನಲ್ಲಿ ತೆಗೆದು ಕೊಟ್ಟಿದ್ದೀರಿ. ಆದರೆ ಹಿಟ್ಟು ನಾದಲು ಕೂತರೆ, ಇವತ್ತು ಏನು ಮಾಡಿದೆ ಎಂದು ನನ್ನ ಕೈಯೇ ನನ್ನನ್ನು ಕೇಳುತ್ತದೆ. ಏನು ಹೇಳಲಿ?"

ತುಳಸವ್ವ ಆ ನಡುಗುವ ಕೈಗಳನ್ನು ಹಿಡಿದುಕೊಂಡಳು. ಅವಳನ್ನು ಎಬ್ಬಿಸಿ ತನ್ನ ಪಡಸಾಲೆಗೆ ಕರೆತಂದಳು. ಹೆಂಗಸರ ನಡುವೆ ಒಂದು ಕೌದಿಯನ್ನು ಬಿಚ್ಚಿ ಹಾಸಿದಳು. ಮೇಲಿನ ಪದರಕ್ಕೆ ನೇರ ಹೊಲಿಗೆ ಬೇಕು. ಒಳಗಿನ ಪದರದಲ್ಲಿ ಹರಕು ಬಟ್ಟೆಗಳನ್ನು ಒಂದಕ್ಕೊಂದು ಕೂಡಿಸಬೇಕು. ಅಲ್ಲಿ ಹೊಲಿಗೆ ಗಟ್ಟಿಯಾಗಿದ್ದರೆ ಸಾಕು. ಅದುವರೆಗೆ ಪ್ರತಿಯೊಬ್ಬಳೂ ಒಂದು ಕೌದಿಯನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಹೊಲಿಯುತ್ತಿದ್ದಳು. ಇನ್ನು ಒಳಪದರವೆಲ್ಲ ಅಜ್ಜಿಯದು ಎಂದಳು ತುಳಸವ್ವ.

"ಅಜ್ಜಿ ಮುಗಿಸುವ ತನಕ ನಾವೆಲ್ಲ ಕಾಯಬೇಕಲ್ಲ?" ಎಂದಳು ಸಾವಂತ್ರವ್ವ.

"ಕಾಯೋಣ."

ಕಾದರು. ಹೇಳಿದ ಹೊತ್ತಿಗೆ ಕೌದಿಗಳು ಆಗಲಿಲ್ಲ. ವ್ಯಾಪಾರಿ ಅರ್ಧ ಕೆಲಸವನ್ನು ಬೇರೆ ಊರಿಗೆ ಕೊಟ್ಟ. ಆ ಚಳಿಗಾಲ ಎಲ್ಲರ ಪಾಲೂ ತೆಳುವಾಯಿತು. ಇಬ್ಬರು ಗುಂಪು ಬಿಟ್ಟು ಹೋದರು. ಸಾವಂತ್ರವ್ವ ಗೊಣಗಿದಳು, ಆದರೆ ಹೋಗಲಿಲ್ಲ. ಅಜ್ಜಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎಂಬುದನ್ನು ಮೊದಲು ಕಂಡವಳು ಅವಳೇ. ದಿನಾ ಎಲ್ಲರಿಗಿಂತ ಮುಂಚೆ ಬಂದು, ಸೂಜಿಗಳಿಗೆ ದಾರ ಪೋಣಿಸಿ, ಅಜ್ಜಿ ಕೂರುವ ಜಾಗದಲ್ಲಿ ಬಟ್ಟೆಗೆ ಸಾಲಾಗಿ ಚುಚ್ಚಿಡತೊಡಗಿದಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬರಬರುತ್ತ ಬೇರೆ ಗಿರಾಕಿಗಳು ಸಿಕ್ಕರು. ಆ ಹೆಂಗಸರು ಶ್ರೀಮಂತರೇನೂ ಆಗಲಿಲ್ಲ, ಆದರೆ ಯಾರ ಒಲೆಯೂ ಆರಲಿಲ್ಲ. ಹುಸೇನಬಿ ತನ್ನ ಪಾಲು ಪಡೆದು ಜೋಳ ಕೊಂಡಳು. ಸಂಜೆ ರೊಟ್ಟಿ ಬಡಿದು ಹೊಟ್ಟೆ ತುಂಬ ಉಂಡಳು. ಒಂದೆರಡು ರೊಟ್ಟಿಗಳನ್ನು ಬಿಸಿಯಿರುವಾಗಲೇ ಸಾವಂತ್ರವ್ವನ ಮಕ್ಕಳಿಗೆ ಒಯ್ದು ಕೊಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಇನ್ನೂ ಸಮಾಧಾನವಾಗಿರಲಿಲ್ಲ. "ಆದರೂ ಗುರುಗಳೇ, ತುಳಸವ್ವ ಕೊನೆಗೆ ಮಾಡಿದ್ದು ವ್ಯಾಪಾರವೇ ಅಲ್ಲವೇ?" ಎಂದ.

"ಹಿಟ್ಟು ಕೊಟ್ಟಾಗ ಉಪವಾಸವಿದ್ದಳು, ಸೂಜಿ ಕೊಟ್ಟಾಗ ಉಂಡಳು, ಇದರಲ್ಲಿ ಸೇವೆ ಯಾವುದೆಂದು ನನ್ನನ್ನಲ್ಲ, ಆ ಮುದುಕಿಯನ್ನು ಕೇಳು."